ಮಹದೇವಪೇಟೆಯ ಜರ್ಸಿ ಅಂಗಡಿ ಮತ್ತು ನನ್ನ 21 ನಂಬರ್

2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ (ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಟೂರ್ನಮೆಂಟ್; ಪ್ರತಿ ವರ್ಷ ನಡೆಸುವ ಒಕ್ಕದ ಹೆಸರೇ ಕಪ್‌ಗೆ) ಆಗುವಾಗ ನಮ್ಮ ಒಕ್ಕದ ಜರ್ಸಿ ನೋಡಿ ಎಲ್ಲಿ ಮಾಡಿಸಿದ್ದು ಅಂತ ಕೇಳಿದವರು ಕಮ್ಮಿ ಅಂದರೂ ಹತ್ತು ಜನ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ, ಒಳ್ಳೆಯದೂ ಕೆಟ್ಟದ್ದೂ ಎರಡೂ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಟ್ ಅಂತ ಮುಂದೆ ಬರುತ್ತದೆ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಅಂಗಡಿಯ ಅಣ್ಣನೇ ಬೇಡ ಅಂದರು. "ಮಾರ್ಚ್ ಬಂದರೆ ಈಗಲೇ ನಮಗೆ ನಿದ್ದೆ ಇಲ್ಲ, ನೀವು ಬರೆದು ಇನ್ನೂ ನೂರು ಜನರನ್ನ ಕಳಿಸಬೇಡಿ ಮಾರಾಯ್ರೆ" ಅಂದರು. ಮಡಿಕೇರಿಯ ಮಹದೇವಪೇಟೆಯಲ್ಲಿ ನಡೆದುಕೊಂಡು ಹೋಗುವಾಗ ಒಂದು ಕಿರಿದಾದ ಮೆಟ್ಟಿಲ ಹತ್ತಿರ ಬಿಸಿ ಪ್ಲಾಸ್ಟಿಕ್ ವಾಸನೆ ಬಂದರೆ ಹತ್ತಿ ಹೋಗಿ, ಅದೇ. ಶುಕ್ರವಾರ ಹೋಗಬೇಡಿ, ಸಂತೆ ದಿನ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಮೇಲೆ ಒಂದೇ ರೂಮು. ಅಣ್ಣ ಪ್ರಿಂಟಿಂಗ್ ನೋಡಿಕೊಳ್ಳುತ್ತಾರೆ, ಅಕ್ಕ ಹೊಲಿಗೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಸ್ಟಿಕ್ಕರ್ ಕತ್ತರಿಸುವ ಒಂದು ಮಿಷನ್, ಒಂದು ದೊಡ್ಡ ಹೀಟ್ ಪ್ರೆಸ್, ಎರಡು ಹೊಲಿಗೆ ಮಿಷನ್. ಕೂರಲು ಒಂದೇ ಸ್ಟೂಲ್. ಅದರ ಮೇಲೂ ಯಾವಾಗಲೂ ಯಾರದ್ದೋ ಒಕ್ಕದ ಬಂಡಲ್ ಇರುತ್ತದೆ.

ನಾನು ಅಲ್ಲಿಗೆ ಮೊದಲು ಹೋಗಿದ್ದು ಹಾಕಿ ಜರ್ಸಿಗಲ್ಲ. ಅಮೆರಿಕದ ಫುಟ್‌ಬಾಲ್ ಜರ್ಸಿ ರಿಪೇರಿಗೆ. ಹೌದು, ನಗಬಹುದು.

ನನ್ನ ಅತ್ತೆಯ ಮಗ ಡಲ್ಲಾಸ್‌ನಲ್ಲಿ ಇದ್ದಾನೆ. 2018ರಲ್ಲಿ ಊರಿಗೆ ಬರುವಾಗ ನನಗೆ ಅಲ್ಲಿನ ಫುಟ್‌ಬಾಲ್ ಟೀಮು ಡಲ್ಲಾಸ್ ಕೌಬಾಯ್ಸ್‌ನ ಒಂದು ಜರ್ಸಿ ತಂದಿದ್ದ. ಕಡುನೀಲಿ ಬಟ್ಟೆ, ಬಿಳಿ ನಂಬರ್ 21, ಬೆನ್ನ ಮೇಲೆ ಎಲಿಯಟ್ ಅಂತ ಹೆಸರು. ಎಝೀಕಿಯಲ್ ಎಲಿಯಟ್, ಆ ಟೀಮಿನ ರನ್ನಿಂಗ್ ಬ್ಯಾಕ್. ಆಗ ನನಗೆ ಇವನು ಯಾರು ಅಂತ ಸುತಾರಾಂ ಗೊತ್ತಿರಲಿಲ್ಲ, ಬಟ್ಟೆ ಚೆನ್ನಾಗಿದೆ ಅಂತ ಹಾಕಿಕೊಂಡೆ. ಆಮೇಲೆ ಭಾವ ಮ್ಯಾಚ್ ಇರುವಾಗ ವಿಡಿಯೋ ಕಾಲ್ ಮಾಡಿ ಫೋನನ್ನು ಟೀವಿ ಮುಂದೆ ನಿಲ್ಲಿಸಲು ಶುರು ಮಾಡಿದ. ಅಲ್ಲಿ ಭಾನುವಾರ ಮಧ್ಯಾಹ್ನದ ಮ್ಯಾಚ್ ಅಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ನೆಟ್‌ವರ್ಕ್ ಇದ್ದರೆ ಆಟ ಕಾಣುತ್ತಿತ್ತು, ಇಲ್ಲದಿದ್ದರೆ ಭಾವನ ಮನೆಯವರು ಚಿಪ್ಸ್ ತಿನ್ನುವ ಶಬ್ದ ಮಾತ್ರ ಕೇಳುತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಒಂದೇ ಮಾತು. ಕಾಫಿ ತೋಟದೊಳಗೆ ಹಂದಿ ನುಗ್ಗಿದ್ದು ನೋಡಿದ್ದೀರಲ್ಲ, ರನ್ನಿಂಗ್ ಬ್ಯಾಕ್ ಅಂದರೆ ಅದೇ ಕೆಲಸ. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ತಲೆ ತಗ್ಗಿಸಿ, ನೂರಿಪ್ಪತ್ತು ಕೇಜಿಯವರ ಮಧ್ಯೆ ನುಗ್ಗಬೇಕು. ಮೂರು ನಾಲ್ಕು ಹೆಜ್ಜೆ ಸಿಕ್ಕರೆ ದೊಡ್ಡದು. ಬಿದ್ದು, ಎದ್ದು, ಮತ್ತೆ ನುಗ್ಗಬೇಕು. ನಮ್ಮ ಬಲ್ಯಪ್ಪ, ಅಂದರೆ ಅಪ್ಪನ ಅಣ್ಣ, ಒಂದು ಸಲ ನನ್ನ ಪಕ್ಕ ಕೂತು ಹತ್ತು ನಿಮಿಷ ನೋಡಿ, "ಫುಟ್‌ಬಾಲ್ ಅಂತೀಯ, ಒಬ್ಬನೂ ಕಾಲು ತಾಗಿಸಲ್ವಲ್ಲ" ಅಂತ ಹೇಳಿ ಮಲಗಲು ಹೋದರು.

ಆದರೆ ನನಗೆ ಹುಚ್ಚು ಹಿಡಿಯಿತು. ಎಲಿಯಟ್ 2016ರಲ್ಲಿ ಬಂದ ಮೊದಲ ವರ್ಷವೇ 1,631 ಗಜ ಓಡಿ ಇಡೀ ಲೀಗಿಗೆ ಮೊದಲು. 2018ರಲ್ಲಿ ಮತ್ತೆ ಮೊದಲು. ಒಳ್ಳೆಯ ಓಟ ಓಡಿದರೆ ಬಟ್ಟಲಿನಿಂದ ಚಮಚದಲ್ಲಿ ತಿನ್ನುವ ಹಾಗೆ ಕೈ ಮಾಡುತ್ತಿದ್ದ, ಇನ್ನೂ ಬಡಿಸಿ ಅನ್ನುವ ಹಾಗೆ. ನಮ್ಮ ಮನೆ ಚಿಕ್ಕ ಮಕ್ಕಳು ಊಟಕ್ಕೆ ಕೂತಾಗ ಅದನ್ನೇ ಮಾಡಲು ಶುರು ಮಾಡಿ ಅವ್ವನ ಹತ್ತಿರ ಬೈಸಿಕೊಂಡರು.

ಸರಿ, ರಿಪೇರಿಗೆ ಬರೋಣ. ಜರ್ಸಿ ಹಾಳಾಗಿದ್ದಕ್ಕೆ ಅವ್ವನೇ ಕಾರಣ. ಪ್ರೀತಿಯಿಂದ ನಂಬರ್ ಮೇಲೆಯೇ ಇಸ್ತ್ರಿ ಇಟ್ಟರು. ಬೆನ್ನ ಮೇಲಿನ 2ರ ಬಾಲ ಸುಕ್ಕುಗಟ್ಟಿ ಎದ್ದು ಬಂತು. ನಾನು ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟೆ, ಅವರು ಅದನ್ನು ಕಿತ್ತು ಹೊಸ ಬಿಳಿ 2 ಒತ್ತಿ ಕೊಟ್ಟರು. ಆ ದಿನ ಚೆನ್ನಾಗಿಯೇ ಇತ್ತು. ಎರಡು ಸಲ ಒಗೆದ ಮೇಲೆ ನೋಡಿದರೆ 1 ಬೆಳ್ಳಗಿದೆ, 2 ಮಾತ್ರ ಆಕಾಶ ನೀಲಿ! ವಾಪಸ್ ಹೋಗಿ ಕೇಳಿದರೆ "ನೀವು ಸೋಪು ಜಾಸ್ತಿ ಹಾಕಿದ್ದೀರಿ" ಅಂದರು.

2023ರ ಮಾರ್ಚ್ ಮೊದಲ ವಾರ ಮಹದೇವಪೇಟೆಗೆ ಹೋದೆ. ಅಣ್ಣ ಜರ್ಸಿ ಕೈಯಲ್ಲಿ ಹಿಡಿದು ಏನೂ ಕೇಳಲಿಲ್ಲ. ಒಳಗಡೆ ತಿರುಗಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು, 2ರ ಅಂಚನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ ನೋಡಿದರು. ಆಮೇಲೆ ಹೇಳಿದರು. ಇದು ಪಾಲಿಯೆಸ್ಟರ್. ಪಾಲಿಯೆಸ್ಟರ್‌ಗೆ ಹಾಕಿದ ಬಣ್ಣ ಬಿಸಿ ಜಾಸ್ತಿಯಾದರೆ ಎದ್ದು ಬರುತ್ತದೆ, ಮೇಲೆ ಬಿಳಿ ಇದ್ದರೆ ಅದಕ್ಕೆ ಹತ್ತುತ್ತದೆ. ಒತ್ತಿದ ದಿನ ಕಾಣಲ್ಲ, ನಿಧಾನಕ್ಕೆ ಕಾಣುತ್ತದೆ. ಕಡುಬಣ್ಣದ ಬಟ್ಟೆಗೆ ಹಿಂದೆ ಬೂದು ಪದರ ಇರುವ ವಿನೈಲ್, ಅಂದರೆ ಅಂಟಿಸುವ ಪ್ಲಾಸ್ಟಿಕ್ ಹಾಳೆ, ಹಾಕಬೇಕು, ಬಿಸಿಯೂ ಕಮ್ಮಿ ಇಡಬೇಕು. "ಸೋಪಿನ ತಪ್ಪಲ್ಲ ಇದು" ಅಂದರು. ಆ ಒಂದು ಮಾತಿಗೆ ನಾನು ಅವರ ಗಿರಾಕಿ ಆದೆ.

250 ರೂಪಾಯಿ ಹೇಳಿದರು. ಮೂರು ದಿನದಲ್ಲಿ ಕೊಡುತ್ತೇನೆ ಅಂದರು. ಕೊಟ್ಟಿದ್ದು ಹನ್ನೆರಡನೇ ದಿನ. ಇದು ಮೊದಲನೇ ದೂರು, ಬರೆದುಕೊಳ್ಳಿ. ಆ ತಿಂಗಳೇ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಶುರು. 2018ರ ಮಳೆ, ಭೂಕುಸಿತ, ಆಮೇಲೆ ಕೊರೋನಾ ಅಂತ ನಾಲ್ಕು ವರ್ಷ ನಿಂತಿದ್ದ ಟೂರ್ನಮೆಂಟ್ ಮತ್ತೆ ನಡೆಯುತ್ತಿತ್ತು. 336 ಒಕ್ಕಗಳು ಹೆಸರು ಕೊಟ್ಟಿದ್ದವು. ಎಲ್ಲರ ಹಳೇ ಜರ್ಸಿ ಬಿಗಿಯಾಗಿತ್ತು, ಯಾಕೆ ಅಂತ ಬೇರೆ ಹೇಳಬೇಕಾ. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನ್ನ ಒಂದು ಬಡಪಾಯಿ ಜರ್ಸಿಯನ್ನು ಯಾರು ಕೇಳುತ್ತಾರೆ?

ಆ ಹನ್ನೆರಡು ದಿನದೊಳಗೆ ಡಲ್ಲಾಸ್‌ನವರು ಎಲಿಯಟ್‌ನನ್ನು ತೆಗೆದುಹಾಕಿದರು. 2023ರ ಮಾರ್ಚ್ 15. ಮಾರನೇ ಬೆಳಗ್ಗೆ ಭಾವನ ಮೆಸೇಜ್ ನೋಡಿದೆ, ಬರೀ ಒಂದು ಅಳುವ ಮುಖ. ಅಂಗಡಿಗೆ ಹೋದರೆ ಅವತ್ತೇ ಅಣ್ಣ ಜರ್ಸಿ ಮಡಚಿ, ಕವರ್ ಹಾಕಿ, ಖುಷಿಯಿಂದ ಮುಂದೆ ಇಟ್ಟರು. "ನೋಡಿ, ಎರಡೂ ನಂಬರ್ ಒಂದೇ ಬಿಳಿ. ಹೊಸದು ಯಾವುದು ಹಳೇದು ಯಾವುದು ಹೇಳಿ ನೋಡುವ."

ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇತ್ತು. ಮೂಲದ ನಂಬರಿನಲ್ಲಿ ಬಿಳಿಯ ಸುತ್ತ ಸಣ್ಣ ಗೆರೆ ಇರುತ್ತದೆ, ಅದನ್ನೂ ಬಿಡದೆ ಬೇರೆ ಬಣ್ಣದಲ್ಲಿ ಕೊಯ್ದು ಕೂರಿಸಿದ್ದರು.

"ಚೆನ್ನಾಗಿದೆ ಅಣ್ಣ. ಆದರೆ ಈ ಜರ್ಸಿಯವನನ್ನ ನಿನ್ನೆ ಟೀಮಿನಿಂದ ತೆಗೆದರು" ಅಂದೆ.

"ಯಾಕೆ? ಕದ್ದನಾ?"

"ಇಲ್ಲ. ವಯಸ್ಸಾಯಿತು ಅಂತ."

"ಎಷ್ಟು?"

"27."

ಅಕ್ಕ ಮಿಷನ್ ನಿಲ್ಲಿಸಿದರು. "ನಮ್ಮ ಚಿಕ್ಕಮ್ಮನ ಮಗನಿಗೆ 31, ಇನ್ನೂ ಹೆಣ್ಣು ನೋಡ್ತಾ ಇದ್ದೇವೆ" ಅಂದರು.

ಹೇಗೆ ಹೇಳುವುದು ಅವರಿಗೆ. ನಾನು ಸ್ಟೂಲ್ ಮೇಲಿನ ಬಂಡಲ್ ಪಕ್ಕಕ್ಕಿಟ್ಟು ಕೂತು ಹೇಳಿದೆ. 2019ರಲ್ಲಿ ಇದೇ ಟೀಮು ಅವನಿಗೆ ಆರು ವರ್ಷಕ್ಕೆ 9 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತ್ತು. ಆದರೆ ಅಲ್ಲಿ ಒಪ್ಪಂದದ ಕೊನೆಯ ವರ್ಷಗಳ ದುಡ್ಡಿಗೆ ಸಾಮಾನ್ಯವಾಗಿ ಗ್ಯಾರಂಟಿ ಇರಲ್ಲ, ನಡುವೆ ಬಿಡಬಹುದು. ಪ್ರತಿ ಟೀಮಿಗೂ ಸಂಬಳಕ್ಕೆ ಇಷ್ಟೇ ಅಂತ ಒಂದು ಮಿತಿ. ಇವನನ್ನು ಬಿಟ್ಟರೆ ಆ ಲೆಕ್ಕದಲ್ಲಿ 1 ಕೋಟಿ 9 ಲಕ್ಷ ಡಾಲರ್ ಉಳಿಯುತ್ತದೆ. 2022ರಲ್ಲಿ ಅವನು ಓಡಿದ್ದು 876 ಗಜ, ಒಂದೊಂದು ಓಟಕ್ಕೆ 3.8 ಗಜ. ಅವನ ಜೊತೆಗಾರ ಟೋನಿ ಪೊಲಾರ್ಡ್ ಒಂದು ಓಟಕ್ಕೆ 5.2. ಕೊನೆಯ ಮ್ಯಾಚಿನಲ್ಲಿ ಪೊಲಾರ್ಡ್ ಕಾಲು ಮುರಿದುಕೊಂಡಿದ್ದ, ಆದರೂ ಅವನನ್ನು ಸುಮಾರು 1 ಕೋಟಿ ಡಾಲರ್ ಕೊಟ್ಟು ಇಟ್ಟುಕೊಂಡರು. ಕಾಲು ಮುರಿದವನು ಒಳಗೆ, ಕಾಲು ಸರಿ ಇರುವವನು ಹೊರಗೆ. ಅಣ್ಣ ಇದನ್ನು ಎರಡು ಸಲ ಹೇಳಿಸಿಕೊಂಡರು.

ಏಳು ವರ್ಷದಲ್ಲಿ ಡಲ್ಲಾಸ್‌ಗೆ ಅವನು ಓಡಿದ್ದು ಒಟ್ಟು 8,262 ಗಜ. ಏಳೂವರೆ ಕಿಲೋಮೀಟರ್. ಹೆಚ್ಚು ಕಮ್ಮಿ ಮಡಿಕೇರಿಯಿಂದ ಅಬ್ಬಿ ಫಾಲ್ಸ್. ಅಷ್ಟೇನಾ ಅಂತ ಅನಿಸಬಹುದು. ಆದರೆ ಪ್ರತಿ ಮೂರು ನಾಲ್ಕು ಮೀಟರಿಗೆ ಒಬ್ಬ ಬಂದು ಗುದ್ದಿ ಬೀಳಿಸುತ್ತಾ ಇದ್ದರೆ ಅಬ್ಬಿ ಫಾಲ್ಸ್‌ಗೆ ನಾವು ಎಷ್ಟು ಜನ ತಲುಪುತ್ತೇವೆ? ಆ ಟೀಮಿನ ಇತಿಹಾಸದಲ್ಲಿ ಅವನಿಗಿಂತ ಜಾಸ್ತಿ ಓಡಿದವರು ಆಗ ಇಬ್ಬರೇ, ಎಮಿಟ್ ಸ್ಮಿತ್ ಮತ್ತು ಟೋನಿ ಡಾರ್ಸೆಟ್. ಎಮಿಟ್ ಸ್ಮಿತ್ ಕಥೆಯೂ ಇದೇ. 2002ರ ಅಕ್ಟೋಬರಿನಲ್ಲಿ ಇಡೀ ಲೀಗಿನ ಓಟದ ದಾಖಲೆ ಮುರಿದ, 2003ರ ಫೆಬ್ರವರಿಯಲ್ಲಿ ಅದೇ ಡಲ್ಲಾಸ್ ಅವನನ್ನೂ ಬಿಟ್ಟಿತು. ನಾಲ್ಕು ತಿಂಗಳು. ಇನ್ನೆರಡು ವರ್ಷ ಅರಿಝೋನಾದಲ್ಲಿ ಆಡಿ ನಿವೃತ್ತಿ ಆದ.

ನನಗೆ ಮಾತ್ರ ಸಂಖ್ಯೆಗಳಿಗಿಂತ ಜಾಸ್ತಿ ನೆನಪಿರುವುದು ತೆಗೆದುಹಾಕುವ ಮುಂಚೆ ಎಲಿಯಟ್ ಡಲ್ಲಾಸ್‌ಗೆ ಆಡಿದ ಕೊನೆಯ ಆಟ. ಸ್ಯಾನ್ ಫ್ರಾನ್ಸಿಸ್ಕೋ ಮೇಲೆ, 2023ರ ಜನವರಿ. ನಮಗೆ ಸೋಮವಾರ ಬೆಳಗ್ಗೆ ಐದು ಗಂಟೆಗೆ ಶುರು. ಚಳಿ ಅಂದರೆ ಚಳಿ, ಕಂಬಳಿಯೊಳಗೆ ಫೋನ್. ಮುಗಿಯುವಾಗ ಎಂಟು ದಾಟಿತ್ತು. ರೊಬಸ್ಟಾ ಕುಯ್ಲಿನ ಸಮಯ, ಅಂಗಳದಲ್ಲಿ ಕೆಲಸದವರು ಬಂದು ನಿಂತಾಗಿತ್ತು. ಹೊರಗಿನಿಂದ ಅಪ್ಪ ಕೂಗುತ್ತಿದ್ದಾರೆ, ನಾನು "ಒಂದು ನಿಮಿಷ, ಒಂದೇ ನಿಮಿಷ" ಅನ್ನುತ್ತಿದ್ದೇನೆ. ಡಲ್ಲಾಸ್ 12, ಅವರು 19. ಉಳಿದಿರುವುದು ಕೆಲವೇ ಸೆಕೆಂಡು. ಆಗ ಡಲ್ಲಾಸ್‌ನವರು ಒಂದು ವಿಚಿತ್ರ ಮಾಡಿದರು. ದೊಡ್ಡ ದೇಹದವರನ್ನೆಲ್ಲ ಅತ್ತ ಇತ್ತ ದೂರ ನಿಲ್ಲಿಸಿ, ಮಧ್ಯದಲ್ಲಿ ಚೆಂಡನ್ನು ಕಾಲ ಸಂದಿನಿಂದ ಹಿಂದಕ್ಕೆ ಕೊಡುವ ಕೆಲಸಕ್ಕೆ ಎಲಿಯಟ್‌ನನ್ನು ಬಗ್ಗಿ ನಿಲ್ಲಿಸಿದರು. ಅವನ ಕೆಲಸವೇ ಅಲ್ಲ ಅದು. ಬಗ್ಗಿದ, ಚೆಂಡು ಹಿಂದಕ್ಕೆ ಕೊಟ್ಟ, ತಲೆ ಎತ್ತುವಷ್ಟರಲ್ಲಿ ಎದುರಿನವನು ಓಡಿ ಬಂದು ಅವನನ್ನು ಅಂಗಾತ ಕೆಡವಿದ. ಚೆಂಡು ಹಿಡಿದವನನ್ನೂ ಅಲ್ಲೇ ಹಿಡಿದು ಬೀಳಿಸಿದರು. ಮುಗಿಯಿತು. ನನ್ನ ಫೋನಿನ ಪರದೆಯಲ್ಲಿ ಅವನು ಬೆನ್ನ ಮೇಲೆ ಬಿದ್ದಿದ್ದ, ನಂಬರ್ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ ಅಣ್ಣ 250ರಲ್ಲಿ 50 ವಾಪಸ್ ಕೊಟ್ಟರು. ತಡ ಆಗಿದ್ದಕ್ಕೋ ಎಲಿಯಟ್‌ಗೋ ಗೊತ್ತಿಲ್ಲ.

ಈಗ ನಿಮಗೆ ಬೇಕಾದ ವಿಷಯ, ಒಕ್ಕದ ಜರ್ಸಿ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ ಮೊದಲ ಸಲ ಇವರ ಹತ್ತಿರ ಮಾಡಿಸಿದೆವು, 2025ರಲ್ಲಿ ಎರಡನೇ ಸಲ. ಒಂದು ಜರ್ಸಿಗೆ 400 ರೂಪಾಯಿ, ಹೆಸರು, ನಂಬರ್, ಕಾಲರ್ ಎಲ್ಲ ಸೇರಿ. ಇದು ವಿನೈಲ್ ಅಲ್ಲ, ಸಬ್ಲಿಮೇಷನ್. ವ್ಯತ್ಯಾಸ ತಿಳಿದುಕೊಳ್ಳಿ, ದುಡ್ಡು ಉಳಿಯುತ್ತದೆ. ವಿನೈಲ್ ಅಂದರೆ ಬಟ್ಟೆಯ ಮೇಲೆ ಅಂಟಿಸುವುದು. ಇವತ್ತಲ್ಲ ನಾಳೆ ಏಳುತ್ತದೆ, ಆದರೆ ಬೇಕಿದ್ದರೆ ಕಿತ್ತು ಬೇರೆ ಹಾಕಬಹುದು. ಸಬ್ಲಿಮೇಷನ್‌ನಲ್ಲಿ ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆಯುತ್ತಾರೆ, ಅದನ್ನು ಬಿಳಿ ಪಾಲಿಯೆಸ್ಟರ್ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಶಾಯಿ ಆವಿಯಾಗಿ ನೂಲಿನೊಳಗೆ ಹೋಗಿ ಕೂರುತ್ತದೆ. ಕೈಯಲ್ಲಿ ಸವರಿದರೆ ನಂಬರ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಎಷ್ಟು ಒಗೆದರೂ ಏಳುವ ಮಾತೇ ಇಲ್ಲ, ಬೇಡ ಅಂದರೆ ತೆಗೆಯಲೂ ಬರುವುದಿಲ್ಲ. ಕಾಟನ್ ಬಟ್ಟೆಗೆ ಇದು ಆಗಲ್ಲ. ಯಾರಾದರೂ ಕಾಟನ್‌ಗೂ ಮಾಡಿಕೊಡುತ್ತೇನೆ ಅಂದರೆ ಎದ್ದು ಬನ್ನಿ.

ಒಂದು ಜರ್ಸಿ ಒತ್ತುವುದನ್ನು ನಿಂತು ನೋಡಿದೆ. ಅಣ್ಣ ಬಟ್ಟೆ ಹಾಸಿ ಮೊದಲು ಸುಮ್ನೆ ಒಂದೆರಡು ಸೆಕೆಂಡು ಒತ್ತಿದರು. ಯಾಕೆ ಅಂದರೆ ನಮ್ಮೂರಿನ ತೇವ. ಬಟ್ಟೆಯಲ್ಲಿ ಪಸೆ ಇದ್ದರೆ ಬಣ್ಣ ಅಲ್ಲಲ್ಲಿ ಮೋಡದ ಹಾಗೆ ಆಗುತ್ತದಂತೆ. ಆಮೇಲೆ ಕಾಗದವನ್ನು ಟೇಪ್ ಹಾಕಿ ಕೂರಿಸಿ, ಮುಚ್ಚಿ, ಬೀಪ್ ಅನ್ನುವವರೆಗೆ ಕಾದು, ಕಾಗದದ ಒಂದು ಮೂಲೆ ಹಿಡಿದು ಸರ್ರನೆ ಎಳೆದರು. ಕಾಗದದಲ್ಲಿ ಮಂಕಾಗಿ ಕಾಣುತ್ತಿದ್ದ ಹಸಿರು ಬಟ್ಟೆಯಲ್ಲಿ ಹೂ ಮಳೆ ಆದ ಮಾರನೇ ದಿನದ ತೋಟದ ಹಾಗೆ ಎದ್ದು ಬಂದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಪ್ರೆಸ್ ತಣ್ಣಗಾದರೆ ಮತ್ತೆ ಕಾಯಲು ಹದಿನೈದು ನಿಮಿಷ. ಅಣ್ಣ ಏನೂ ಹೇಳದೆ ಟೀ ಕುಡಿಯಲು ಇಳಿದರು. ಡೆಲಿವರಿ ಯಾಕೆ ತಡ ಅಂತ ಆಗ ಅರ್ಥ ಆಯಿತು. ಆದರೂ ತಡ ತಡವೇ.

ಇನ್ನು ಬೇರೆ ದೂರುಗಳು. ಹೆಸರಿನ ಸ್ಪೆಲ್ಲಿಂಗ್. 2024ರಲ್ಲಿ ನನ್ನ ತಮ್ಮನ ಹೆಸರಲ್ಲಿ ಒಂದು ಎನ್ ಕಮ್ಮಿ. ನಮ್ಮ ಕಡೆ ಹೆಸರುಗಳು ಹೇಗಿರುತ್ತವೆ ಗೊತ್ತಲ್ವಾ, ಒಂದು ಎನ್ ಹೋದರೆ ಬೇರೆ ಮನುಷ್ಯನೇ ಆಗಿಬಿಡುತ್ತಾನೆ. ಮತ್ತೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೆ ಅದು ಬಂದಿದ್ದು ನಾವು ಸೋತು ಮನೆಗೆ ಬಂದ ಮೇಲೆ. ಪಟ್ಟಿಯನ್ನು ಫೋನಿನಲ್ಲಿ ಹೇಳಬೇಡಿ, ಟೈಪ್ ಮಾಡಿ ಕಳಿಸಿ, ಪ್ರಿಂಟಿಗೆ ಮುಂಚೆ ಸ್ಕ್ರೀನ್ ಮೇಲೆ ನೀವೇ ಒಂದು ಸಲ ಓದಿ. ಸೈಜು ಕೂಡ ಹಾಗೆಯೇ. ಅವರ ಎಲ್ ಅಂದರೆ ಬೇರೆ ಕಡೆಯ ಎಂ. ಹೊಟ್ಟೆ ಇರುವವರು ಒಂದು ಸೈಜ್ ದೊಡ್ಡದೇ ಹೇಳಿ, ನಾಚಿಕೆ ಬೇಡ. ಬಿಲ್ ಕೇಳಿದರೆ ನೋಟ್‌ಪುಸ್ತಕದ ಹಾಳೆ ಹರಿದು ಬರೆದುಕೊಡುತ್ತಾರೆ. ಹೆಂಗಸರ ಅಳತೆಗೆ ಬೇರೆ ಕಟಿಂಗ್ ಇಲ್ಲ, ನಮ್ಮ ಟೀಮಿನಲ್ಲಿ ಮೂರು ಜನ ಹೆಂಗಸರು ಆಡುತ್ತಾರೆ, ಮೂವರೂ ಇದಕ್ಕೆ ಬೈದರು. ಅಕ್ಕ ಮುಂದಿನ ಸಲ ಮಾಡಿಕೊಡುತ್ತೇನೆ ಅಂದಿದ್ದಾರೆ. ಇವೆಲ್ಲ ಸೇರಿ ಆ ಒಂದು ಮಾರ್ಕು ಹೋಯಿತು.

ಮಧ್ಯದಲ್ಲಿ ಎಲಿಯಟ್ ಕಥೆ ಇನ್ನೂ ಸ್ವಲ್ಪ ಇದೆ. 2023ರಲ್ಲಿ ಅವನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಆಡಿದ. 2024ರಲ್ಲಿ ಡಲ್ಲಾಸ್ ಮತ್ತೆ ಕರೆಯಿತು. ಭಾವ ರಾತ್ರಿ ಫೋನ್ ಮಾಡಿ ಕುಣಿದ. ಆದರೆ ಈ ಸಲ ಅವನ ನಂಬರ್ 21 ಅಲ್ಲ, 15. ಕಾಲೇಜಿನಲ್ಲಿ ಆಡುವಾಗಿನ ನಂಬರ್ ಅದು. ನನಗೆ ಸುಮ್ಮನಿರಲು ಆಗಲಿಲ್ಲ. ಸೆಪ್ಟೆಂಬರಿನಲ್ಲಿ, ಇನ್ನೂ ಜಿಟಿಜಿಟಿ ಮಳೆ, ಜರ್ಸಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. 21 ತೆಗೆದು 15 ಹಾಕಿಕೊಡಿ ಅಂದೆ. ಹೇಗೂ 1 ಇದೆ, 2 ತೆಗೆದು 5 ಹಾಕಿದರೆ ಆಯಿತಲ್ಲ ಅಂತ ಬುದ್ಧಿವಂತಿಕೆ ಬೇರೆ ತೋರಿಸಿದೆ.

ಅಣ್ಣ ನನ್ನ ಮುಖ ನೋಡಿದರು. "ನಿಮ್ಮ 1 ಬಲಗಡೆ ಇದೆ. 15ಕ್ಕೆ ಎಡಗಡೆ ಬೇಕು."

ಹೌದಲ್ಲ.

ಆಮೇಲೆ ಇಸ್ತ್ರಿಯ ತುದಿಯಿಂದ ಹಳೇ 1ರ ಒಂದು ಮೂಲೆಯನ್ನು ಬಿಸಿ ಮಾಡಿ, ಚಿಮುಟದಿಂದ ಕಾಲಿಂಚು ಎಬ್ಬಿಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ಅವ್ವ ಆರು ವರ್ಷದಿಂದ ಜರ್ಸಿಯನ್ನು ಒಣಗಿಸುವುದು ಕಾಫಿ ಕಣದ ಪಕ್ಕದ ತಂತಿಯ ಮೇಲೆ. ಬಟ್ಟೆಯೆಲ್ಲ ಬಿಸಿಲಿಗೆ ಮಾಸಿ ತಿಳಿಯಾಗಿದೆ. ನಂಬರ್ ಕೆಳಗೆ ಮಾತ್ರ ಬಿಸಿಲು ತಾಗಿಲ್ಲ, ಅಲ್ಲಿ ಇನ್ನೂ ಅಂಗಡಿಯಿಂದ ತಂದ ದಿನದ ಕಡುನೀಲಿ. "ಇದನ್ನ ಕಿತ್ತರೆ ಬಿಳಿ 21 ಹೋಗುತ್ತೆ, ನೀಲಿ 21 ಉಳಿಯುತ್ತೆ. ಅದರ ಮೇಲೆ 15 ಹಾಕಿದರೆ ನಾಲ್ಕು ನಂಬರ್ ಕಾಣುತ್ತೆ. 250 ರೂಪಾಯಿ ಕೊಟ್ಟು ಯಾಕೆ ಹಾಳು ಮಾಡ್ತೀರಿ?" ಎಬ್ಬಿಸಿದ ಮೂಲೆಯನ್ನು ಮತ್ತೆ ಒತ್ತಿ ಕೂರಿಸಿ ವಾಪಸ್ ಕೊಟ್ಟರು. ದುಡ್ಡು ಬೇಡ ಅಂದರು. ದುಡ್ಡು ಬರುವ ಕೆಲಸವನ್ನು ಬೇಡ ಅಂದ ಅಂಗಡಿಯವರನ್ನು ನಾನು ಮಡಿಕೇರಿಯಲ್ಲಿ ನೋಡಿದ್ದು ಇವರನ್ನೇ.

ಹೇಳಿದ್ದು ಒಳ್ಳೆಯದೇ ಆಯಿತು. ಆ ಸೀಸನ್‌ನಲ್ಲಿ ಎಲಿಯಟ್ ಡಲ್ಲಾಸ್‌ಗೆ ಓಡಿದ್ದು ಬರೀ 226 ಗಜ. ಇನ್ನೊಂದೇ ಲೀಗ್ ಮ್ಯಾಚ್ ಇರುವಾಗ, ಡಿಸೆಂಬರ್ 31ಕ್ಕೆ, ಮತ್ತೆ ಬಿಟ್ಟರು. ಈ ಸಲ ಅವನೇ ಕೇಳಿಕೊಂಡಿದ್ದ, ಪ್ಲೇಆಫ್ ಆಡುವ ಬೇರೆ ಟೀಮು ಸಿಗಬಹುದು ಅಂತ. ಭಾವ ಈ ಸಲ ಅಳುವ ಮುಖ ಕಳಿಸಲಿಲ್ಲ, ಹೊಸ ವರ್ಷದ ಶುಭಾಶಯದ ಕೆಳಗೆ ಒಂದು ಸಾಲು ಬರೆದಿದ್ದ.

2025ರ ಆರ್ಡರ್ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಮುದ್ದಂಡ ಕಪ್‌ಗೆ 396 ಒಕ್ಕಗಳು. ಅಣ್ಣನ ಅಂಗಡಿಯಲ್ಲಿ ಬಂಡಲ್‌ಗಳು ಮೆಟ್ಟಿಲಿನವರೆಗೆ ಇಳಿದಿದ್ದವು. ನಾವು ಫೆಬ್ರವರಿಯಲ್ಲೇ ಹೇಳಿದ್ದೆವು, ನೀವೂ ಹಾಗೆ ಮಾಡಿ. ಜರ್ಸಿ ಪಟ್ಟಿಗೆ ಅಂತ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲ ಮನೆಯಲ್ಲಿ, ಎಲ್ಲ ಸೇರಿದಾಗ ಬಲ್ಯಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ 64. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಟೂರ್ನಮೆಂಟ್ ಶುರು ಮಾಡಿದಾಗ 60 ಒಕ್ಕ ಬಂದಿದ್ದವು, ಆ ವರ್ಷದಿಂದ ಬಲ್ಯಪ್ಪ ನಮ್ಮ 8 ನಂಬರ್. "ಮಂಡಿ ಆಗಲ್ಲ. ಈ ಸಲ ನನ್ನದು ಮಾಡಿಸಬೇಡ, ದುಡ್ಡು ದಂಡ. 8 ಮೊಮ್ಮಗಳಿಗೆ ಕೊಡು" ಅಂದರು. ಆಯಿತು ಅಂದೆ. ಅವಳಿಗೆ 13, ನನಗಿಂತ ಚೆನ್ನಾಗಿ ಆಡುತ್ತಾಳೆ. ಪಟ್ಟಿಯಲ್ಲಿ ಬಲ್ಯಪ್ಪನ ಹೆಸರು ತೆಗೆದು ಅವಳ ಹೆಸರು ಹಾಕಿ 22 ಜನರದ್ದು ಕಳಿಸಿದೆ.

ತರಲು ಹೋದರೆ ಬಂಡಲ್‌ನಲ್ಲಿ 23 ಇತ್ತು. ಮತ್ತೆ ಎಣಿಸಿದೆ, 23. ಮೇಲಿನದನ್ನು ಬಿಚ್ಚಿ ನೋಡಿದರೆ ಬಲ್ಯಪ್ಪನ ಹೆಸರು, 8.

ಅಣ್ಣ ಹಿಂದಿನ ವರ್ಷದ ನೋಟ್‌ಪುಸ್ತಕ ತೆಗೆದು ನಮ್ಮ ಒಕ್ಕದ ಪುಟ ತೋರಿಸಿದರು. ಒಂದೊಂದು ಹೆಸರಿನ ಮುಂದೆಯೂ ಪೆನ್ಸಿಲ್‌ನಲ್ಲಿ ಸರಿ ಗುರುತು. "ನಿಮ್ಮ ಪಟ್ಟಿಯಲ್ಲಿ ಅಜ್ಜನ ಹೆಸರು ಬಿಟ್ಟುಹೋಗಿತ್ತು. ಗಡಿಬಿಡಿಯಲ್ಲಿ ಮರೆತಿರ್ತೀರಿ ಅಂತ ನಾನೇ ಸೇರಿಸಿದೆ."

"ಮರೆತಿದ್ದಲ್ಲ ಅಣ್ಣ. ಅವರೇ ಬೇಡ ಅಂದರು."

ಅಣ್ಣ ಜರ್ಸಿ ಕೈಗೆ ತಗೊಂಡು ನಂಬರ್ ಮೇಲೆ ಹೆಬ್ಬೆರಳು ಆಡಿಸಿದರು. "ಇದು ಸಬ್ಲಿಮೇಷನ್. ಇನ್ನು ತೆಗೆಯೋಕೆ ಬರಲ್ಲ" ಅಂದರು.

ತಗೊಂಡು ಹೋಗಿ ಕೊಟ್ಟೆ. ಬಲ್ಯಪ್ಪ ದುಡ್ಡು ಹಾಳು ಮಾಡಿದ್ದಕ್ಕೆ ನನಗೆ ಬೈದರು, ಆಮೇಲೆ ಒಳಗೆ ಹೋಗಿ ಹಾಕಿಕೊಂಡು ಬಂದರು. ಮೊದಲ ಮ್ಯಾಚಿನಲ್ಲಿ ಎರಡು 8 ಒಟ್ಟಿಗೆ ಇಳಿಯುವ ಹಾಗಿಲ್ಲ ಅಂತ ಅಂಪೈರ್ ಹೇಳಿದರು. ಮೊಮ್ಮಗಳನ್ನು ಹೊರಗೆ ಕರೆದು ಕೊನೆಯ ನಾಲ್ಕು ನಿಮಿಷ ಬಲ್ಯಪ್ಪನನ್ನು ಇಳಿಸಿದೆವು. ಚೆಂಡು ಒಂದು ಸಲ ಅವರ ಸ್ಟಿಕ್‌ಗೆ ತಾಗಿ ಆಚೆ ಹೋಯಿತು.

ಆ 23ನೇ ಜರ್ಸಿಯ 400 ರೂಪಾಯಿ ಅಣ್ಣ ಬಿಡಲಿಲ್ಲ, ಎಣಿಸಿ ತಗೊಂಡರು.